ಬೀಗದ ಕೈ ಅಲ್ಲ, ಕಲ್ಲಿನ ಪುಡಿ

ಜಿಗಣಿ ಕೈಗಾರಿಕಾ ಪ್ರದೇಶದ ಅಂಚಿನಲ್ಲಿ ಒಂದು ಸಣ್ಣ ಮೊಬೈಲ್ ರಿಪೇರಿ ಅಂಗಡಿ. ನಡೆಸುವಾಕೆಗೆ ಮೂವತ್ತರ ಆಸುಪಾಸು. ಎದುರಿಗೆ ಸ್ಟೂಲಿನ ಮೇಲೆ ಕೂತವರು ಇಪ್ಪತ್ತೈದು ವರ್ಷದಿಂದ ಗ್ರಾನೈಟ್ ಕಾರ್ಖಾನೆಯಲ್ಲಿ ಚಪ್ಪಡಿಗಳಿಗೆ ಪಾಲಿಶ್ ಹಿಡಿಯುತ್ತಿರುವವರು. ಪಾಳಿ ಮುಗಿಸಿ ನೇರ ಬಂದಿದ್ದರು. ತೋಳು, ಹುಬ್ಬು, ಕಿವಿಯ ಹಿಂದೆ ಎಲ್ಲ ಬೂದು ಪುಡಿ. ನನ್ನ ಫೋನಿಗೆ ಬ್ಯಾಟರಿ ಬದಲಾಯಿಸಲು ಕೊಟ್ಟು ಬೆಂಚಿನ ಮೇಲೆ ಕಾಯುತ್ತಿದ್ದೆ. ಅವರಿಬ್ಬರ ಮಾತು ಹೀಗೆ ಶುರುವಾಯಿತು.

ಕಲ್ಲಿನವರು: ನೋಡಮ್ಮ, ತಗೊಂಡು ಇನ್ನೂ ನಾಲ್ಕು ತಿಂಗಳಾಗಿಲ್ಲ. ಬಿಸಿಲಿಗೆ ಹಿಡಿದ್ರೆ ಪರದೆ ತುಂಬ ಜೇಡರ ಬಲೆ ಕಟ್ಟಿದ ಹಾಗೆ ಗೀರು. ಒಂದು ಸಲಾನೂ ಕೆಳಗೆ ಬೀಳಿಸಿಲ್ಲ ನಾನು. ಮಗಳು ಮೊದಲನೇ ಸಂಬಳದಲ್ಲಿ ಕೊಡಿಸಿದ್ದು, ಅದಕ್ಕೇ ಹೊಟ್ಟೆ ಉರಿಯುತ್ತೆ.

ಅಂಗಡಿಯಾಕೆ: ಎಲ್ಲಿ ಇಟ್ಕೊಳ್ತೀರಣ್ಣ?

ಕಲ್ಲಿನವರು: ಈ ಅಂಗಿ ಜೇಬಲ್ಲೇ. ಮೊದಲು ಪ್ಯಾಂಟ್ ಜೇಬಲ್ಲಿ ಇಡ್ತಿದ್ದೆ. ಅಲ್ಲಿ ಬೀಗದ ಕೈ, ಚಿಲ್ಲರೆ ಇರುತ್ತಲ್ಲ, ಗೀಚುತ್ತೆ ಅಂತ ಇಲ್ಲಿಗೆ ಬದಲಾಯಿಸ್ದೆ. ಬದಲಾಯಿಸಿದ ಮೇಲೇ ಜಾಸ್ತಿ ಆಯ್ತು.

ಅಂಗಡಿಯಾಕೆ: ಆ ಬೀಗದ ಕೈ ಕೊಡಿ ಇಲ್ಲಿ. ಇದು ಬೋರ್ಡ್ ಸತ್ತಿರೋ ಹಳೇ ಫೋನು, ಗಾಜು ಮಾತ್ರ ಚೆನ್ನಾಗಿದೆ. ನೀವೇ ಗೀಚಿ. ಹೆದರ್ಬೇಡಿ, ಒತ್ತಿ ಎಳೀರಿ.

(ಎಳೆದರು. ಹಲ್ಲು ಜುಮ್ಮೆನ್ನುವ ಸದ್ದು. ಗಾಜಿನ ಮೇಲೆ ಎದ್ದು ಕಾಣುವ ಒಂದು ಮಾಸಲು ಗೆರೆ.)

ಕಲ್ಲಿನವರು: ಬಿತ್ತಲ್ಲಮ್ಮ!

ಅಂಗಡಿಯಾಕೆ: ಈಗ ಒದ್ದೆ ಬಟ್ಟೆ ತಗೊಂಡು ಒರೆಸಿ. ಸ್ವಲ್ಪ ಒತ್ತಿ.

ಕಲ್ಲಿನವರು: ಅರೆ, ಹೋಯ್ತು.

ಅಂಗಡಿಯಾಕೆ: ಅದು ಗಾಜಿಗೆ ಆದ ಗಾಯ ಅಲ್ಲ ಅಣ್ಣ. ಬೀಗದ ಕೈಯ ಹಿತ್ತಾಳೆ ಸವೆದು ಗಾಜಿಗೆ ಮೆತ್ತಿಕೊಂಡಿದ್ದು. ಸ್ಲೇಟಿನ ಮೇಲೆ ಬಳಪ ಎಳೆದಾಗ ಸವೆಯೋದು ಬಳಪ ತಾನೆ? ಹಾಗೇ ಇದು. ರೂಪಾಯಿ ನಾಣ್ಯದ್ದೂ ಅದೇ ಕಥೆ. ಸ್ಟೇನ್‌ಲೆಸ್ ಸ್ಟೀಲ್ ಆದ್ರೂ ಗಾಜಿಗಿಂತ ಮೆತ್ತಗೆ. ಈಗ ಒಂದು ಕೆಲಸ ಮಾಡಿ. ಅಂಗಿ ಜೇಬು ಒಳಗಿಂದ ಹೊರಗೆ ತಿರುವಿ, ಈ ಗಾಜಿನ ಮೇಲೆ ಕೊಡವಿ.

(ಜೇಬಿನ ಮೂಲೆಯ ಹೊಲಿಗೆಯಿಂದ ಒಂದು ಚಿಟಿಕೆ ಬೂದು ಪುಡಿ ಉದುರಿತು. ಆಕೆ ಅದರ ಮೇಲೆ ಹತ್ತಿಬಟ್ಟೆ ಇಟ್ಟು, ಕನ್ನಡಕ ಒರೆಸುವಷ್ಟೇ ಹಗುರವಾಗಿ ನಾಲ್ಕು ಸುತ್ತು ತಿರುಗಿಸಿದರು. ಆಮೇಲೆ ತೊಳೆದು, ಒಣಗಿಸಿ, ಬೋರ್ಡ್ ರಿಪೇರಿಗೆ ಇಟ್ಟುಕೊಂಡ ಮೈಕ್ರೋಸ್ಕೋಪಿನ ಕೆಳಗೆ ಸರಿಸಿದರು. ಕಲ್ಲಿನವರು ಬಗ್ಗಿ ಕಣ್ಣಿಟ್ಟರು. ಬಹಳ ಹೊತ್ತು ತಲೆ ಎತ್ತಲಿಲ್ಲ.)

ಕಲ್ಲಿನವರು: ಇದು ನಮ್ಮ ಅರವತ್ತನೇ ನಂಬರ್ ಉಜ್ಜುಗಲ್ಲು ಹೊಡೆದ ಚಪ್ಪಡಿ ಥರಾನೇ ಇದೆಯಲ್ಲಮ್ಮ. ಗೀರಿನ ಅಂಚು ನಯ ಇಲ್ಲ. ಅಲ್ಲಲ್ಲಿ ಚಕ್ಕೆ ಎದ್ದಿದೆ. ಇಷ್ಟು ಹಗುರಾಗಿ ಒರೆಸಿದ್ದಕ್ಕೆ ಇಷ್ಟಾಯ್ತಾ?

ಅಂಗಡಿಯಾಕೆ: ಹಗುರಾಗಿ ಒರೆಸಿದ್ರೂ ಬಟ್ಟೆ ಕೆಳಗೆ ಇದ್ದಿದ್ದು ಏನು ಅಂತ ನಿಮಗೇ ಗೊತ್ತು. ಗ್ರಾನೈಟಲ್ಲಿ ಹೊಳೆಯೋ ಕಾಳು ಇರುತ್ತಲ್ಲ, ಅದು ಏನು?

ಕಲ್ಲಿನವರು: ಬೆಣಚು. ಬೆಣಚುಕಲ್ಲಿನ ಕಾಳು. ಗರಗಸಕ್ಕೆ ಅದೇ ಶತ್ರು. ಕಪ್ಪು ಕಲ್ಲಲ್ಲಿ ಅದು ಇಲ್ಲ ಅನ್ನೋ ಅಷ್ಟು ಕಡಿಮೆ. ಚಾಮರಾಜನಗರದ ಕಡೆ ಕಪ್ಪು ಕಲ್ಲು ಬೇರೆ ಥರಾನೇ ಕುಯ್ಯಿಸ್ಕೊಳ್ಳುತ್ತೆ. ಕೆಂಪು, ಬೂದು ಕಲ್ಲು ಬಂದ್ರೆ ಬ್ಲೇಡಿನ ವಜ್ರದ ಹಲ್ಲು ಬೇಗ ಸವೆಯುತ್ತೆ.

ಅಂಗಡಿಯಾಕೆ: ಆ ಬೆಣಚೇ ನಿಮ್ಮ ಜೇಬಲ್ಲಿ ಕೂತಿರೋದು. ನಿಮ್ಮ ಜೇಬಲ್ಲಿ ಮಾತ್ರ ಅಲ್ಲ, ಎಲ್ಲರ ಜೇಬಲ್ಲೂ. ಮಣ್ಣಲ್ಲಿರೋ ಮರಳು ಅಂದ್ರೆ ಬಹುಪಾಲು ಬೆಣಚಿನ ಚೂರೇ. ಬೆಂಗಳೂರು ಸುತ್ತ ಎಲ್ಲಿ ನೋಡಿದ್ರೂ ಕಟ್ಟಡ ಏಳ್ತಿದೆ, ರಸ್ತೆ ಅಗೆದಿದೆ. ಹೊಳೆ ಮರಳಿನ ಬದಲು ಈಗ ಎಂ ಸ್ಯಾಂಡ್, ಅಂದ್ರೆ ಕ್ರಷರಲ್ಲಿ ಒಡೆದ ಕಲ್ಲು.

ಕಲ್ಲಿನವರು: ಹೊಳೆ ಮರಳು ನೀರಲ್ಲಿ ಉರುಳಿ ಉರುಳಿ ದುಂಡಗಾಗಿರುತ್ತೆ. ಕ್ರಷರ್ ಪುಡಿಗೆ ಮೂಲೆ ಇರುತ್ತೆ. ಕೈಯಲ್ಲಿ ಹಿಡಿದ್ರೇ ಚುಚ್ಚುತ್ತೆ.

ಅಂಗಡಿಯಾಕೆ: ಅದನ್ನ ಜೇಬಲ್ಲಿ ತುಂಬ್ಕೊಂಡು, ಅದರ ಜೊತೆಗೆ ಫೋನ್ ಇಟ್ಟು, ದಿನಕ್ಕೆ ಐವತ್ತು ಸಲ ಒಳಗೆ ಹೊರಗೆ ಎಳೀತೀವಿ. ಅಂಗಿ ಚುಂಗಿನಲ್ಲಿ ಒರೆಸ್ತೀವಿ. ಆ ಒರೆಸೋದೇ ನೋಡಿ ಕೇಡು.

ಕಲ್ಲಿನವರು: ಒಂದು ಅರ್ಥ ಆಗ್ಲಿಲ್ಲಮ್ಮ. ಗಾಜು ಮಾಡೋದೇ ಮರಳು ಕರಗಿಸಿ ಅಂತಾರೆ. ಮರಳಿಂದ ಹುಟ್ಟಿದ್ದನ್ನ ಮರಳೇ ಹೇಗೆ ಗೀಚುತ್ತೆ?

ಅಂಗಡಿಯಾಕೆ: ಒಳ್ಳೇ ಪ್ರಶ್ನೆ. ಬೆಣಚಿನ ಹರಳಲ್ಲಿ ಅಣುಗಳು ಸಾಲು ತಪ್ಪದೆ ಹೆಣೆದುಕೊಂಡಿರ್ತವೆ. ಗಾಜು ಮಾಡುವಾಗ ಅದನ್ನ ಕರಗಿಸಿ, ಸೋಡಾ, ಅಲ್ಯುಮಿನಾ ಅಂತ ಇನ್ನೇನೇನೋ ಸೇರಿಸ್ತಾರೆ. ತಣ್ಣಗಾದಾಗ ಆ ಹೆಣಿಗೆ ವಾಪಸ್ ಬರಲ್ಲ, ಹೇಗೆ ಬೇಕೋ ಹಾಗೆ ಗಟ್ಟಿಯಾಗಿಬಿಡುತ್ತೆ. ಅದಕ್ಕೇ ಬೆಣಚಿಗಿಂತ ಗಾಜು ಒಂದು ಕೈ ಕೆಳಗೆ. 1812ರಲ್ಲಿ ಜರ್ಮನಿಯ ಖನಿಜ ತಜ್ಞ ಫ್ರೆಡ್ರಿಕ್ ಮೋಹ್ಸ್ ಅನ್ನೋರು ಇದಕ್ಕೆ ಒಂದು ಪಟ್ಟಿ ಮಾಡಿದ್ರು. ಯಾವ ಕಲ್ಲು ಯಾವ ಕಲ್ಲನ್ನ ಗೀಚುತ್ತೆ ಅನ್ನೋದಷ್ಟೇ ಲೆಕ್ಕ. ಒಂದರಿಂದ ಹತ್ತು.

ಕಲ್ಲಿನವರು: ಹತ್ತಕ್ಕೆ ವಜ್ರ ಇರ್ಬೇಕು.

ಅಂಗಡಿಯಾಕೆ: ಹೌದು. ಒಂದು ಅಂದ್ರೆ ಬಳಪದ ಖನಿಜ, ಉಗುರಲ್ಲೇ ಗೀಚಬಹುದು. ಅಮೃತಶಿಲೆ ಮೂರು. ಗ್ರಾನೈಟಿನ ಫೆಲ್ಡ್‌ಸ್ಪಾರ್ ಆರು, ಬೆಣಚು ಏಳು. ಪುಷ್ಯರಾಗ ಎಂಟು, ನೀಲ, ಮಾಣಿಕ್ಯ ಒಂಬತ್ತು. ನಮ್ಮ ಚಾಕು ಐದೂವರೆ ಹತ್ತಿರ. ಗಾಜು ಐದೂವರೆ, ಆರು. ಯೂಟ್ಯೂಬಲ್ಲಿ ಹೊಸ ಫೋನ್ ಬಂದ ತಕ್ಷಣ ಈ ಪಟ್ಟಿಯ ನಂಬರಿನ ಮೊನೆಗಳಿಂದ ಗೀಚಿ ತೋರಿಸ್ತಾರಲ್ಲ, ನೋಡಿ: ಹೆಚ್ಚುಕಡಿಮೆ ಎಲ್ಲ ಫೋನಿಗೂ ಆರನೇ ಮೊನೆಗೆ ಸಣ್ಣ ಗೀರು, ಏಳಕ್ಕೆ ಆಳವಾದ ಗೀರು.

ಕಲ್ಲಿನವರು: ಸರಿಯಾಗೇ ಇದೆ. ಗಿರಾಕಿ ಬಂದು ಇದು ಮಾರ್ಬಲ್ಲಾ ಗ್ರಾನೈಟಾ ಅಂತ ಅನುಮಾನ ಪಟ್ರೆ ನಾವು ಹಿಂಬದಿಯಲ್ಲಿ ಚಾಕು ಎಳೆದು ತೋರಿಸ್ತೀವಿ. ಮಾರ್ಬಲ್ಲಾದ್ರೆ ಗೀರು ಬೀಳುತ್ತೆ. ಬೇಲೂರಿನ ಗುಡಿಗೆ ಹೋದಾಗ ಗೈಡು ಹೇಳಿದ್ದ, ಬಳಪದ ಕಲ್ಲು ಮೆತ್ತಗಿರೋದಕ್ಕೇ ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯ ಆಯ್ತು ಅಂತ. ಹಾಗಿದ್ರೂ ಒಂದು ಹೇಳು. ಬೀಗದ ಕೈ ಏನೂ ಮಾಡಲ್ಲ ಅಂದ್ರೆ ಊರೆಲ್ಲ ಅದಕ್ಕೇ ಯಾಕೆ ಹೆದರ್ತಾರೆ?

ಅಂಗಡಿಯಾಕೆ: ಆ ಭಯ ಪ್ಲಾಸ್ಟಿಕ್ ಕಾಲದ್ದು. ಹಳೇ ಕೀಪ್ಯಾಡ್ ಫೋನುಗಳ ಪರದೆ ನೆನಪಿದೆಯಾ? ಆರು ತಿಂಗಳಿಗೆ ಮಂಜು ಕವಿದ ಹಾಗೆ ಆಗ್ತಿತ್ತು. ಮೊದಲನೇ ಐಫೋನನ್ನ 2007ರ ಜನವರಿಯಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ವೇದಿಕೆ ಮೇಲೆ ತೋರಿಸಿದಾಗ ಅದಕ್ಕೂ ಪ್ಲಾಸ್ಟಿಕ್ ಪರದೆಯೇ ಇತ್ತು. ಜೇಬಲ್ಲಿ ಬೀಗದ ಕೈ ತಗುಲಿ ಗೀರು ಬಿದ್ದಿದ್ದನ್ನ ನೋಡಿ, ಗಾಜೇ ಬೇಕು ಅಂತ ಹಟ ಹಿಡಿದ್ರಂತೆ. ಜೂನ್ 29ಕ್ಕೆ ಮಾರಾಟ ಶುರು. ಅಷ್ಟರೊಳಗೆ ಗಾಜಿನ ಪರದೆ ಆಗಬೇಕು.

ಕಲ್ಲಿನವರು: ಐದು ತಿಂಗಳಲ್ಲಿ?

ಅಂಗಡಿಯಾಕೆ: ಆ ಗಾಜು ಹೊಸದಾಗಿ ಕಂಡುಹಿಡಿಯೋದೇನೂ ಇರ್ಲಿಲ್ಲ. ಅಮೆರಿಕದ ಕಾರ್ನಿಂಗ್ ಅನ್ನೋ ಗಾಜಿನ ಕಂಪನಿ 1960ರ ದಶಕದಲ್ಲೇ ಕೆಮ್‌ಕೋರ್ ಅನ್ನೋ ಬಲವಾದ ಗಾಜು ಮಾಡಿತ್ತು. ಕೊಳ್ಳೋರು ಹೆಚ್ಚಿಗೆ ಸಿಗದೆ ಆ ಕೆಲಸ ಮೂಲೆಗೆ ಬಿದ್ದಿತ್ತು. ಜಾಬ್ಸ್ ಹೋಗಿ ಕಂಪನಿಯ ಮುಖ್ಯಸ್ಥ ವೆಂಡೆಲ್ ವೀಕ್ಸ್ ಅವರನ್ನ ಒಪ್ಪಿಸಿದ್ರು. ಕೆಂಟಕಿಯ ಹ್ಯಾರಡ್ಸ್‌ಬರ್ಗ್ ಕಾರ್ಖಾನೆಯಲ್ಲಿ ಕೆಲಸ ಶುರುವಾಯ್ತು. ಅದೇ ಆಮೇಲೆ ಗೊರಿಲ್ಲಾ ಗ್ಲಾಸ್ ಅಂತ ಹೆಸರಾಯ್ತು. ಅಲ್ಲಿಗೆ ಬೀಗದ ಕೈ ಸಮಸ್ಯೆ ಮುಗೀತು ಅಣ್ಣ. ಭಯ ಮಾತ್ರ ಉಳೀತು. ಬೀಗದ ಕೈಗೆ ಅಂಜಿ ಫೋನನ್ನ ಧೂಳಿನ ಜೇಬಿಗೆ ಹಾಕ್ಕೊಳ್ತೀವಿ. ನೀವು ಮಾಡಿದ್ದೂ ಅದೇ.

ಕಲ್ಲಿನವರು: ಬಲವಾದ ಗಾಜು ಅಂತೀಯ. ಮತ್ತೆ ನನ್ನ ಜೇಬಿನ ಪುಡಿಗೆ ಯಾಕೆ ಸೋಲ್ತು?

ಅಂಗಡಿಯಾಕೆ: ಬಲ ಬೇರೆ, ಗಡಸು ಬೇರೆ ಅಲ್ವಾ? ಆ ಗಾಜನ್ನ ಬಲ ಮಾಡೋ ರೀತಿ ಕೇಳಿ. ಪೆಟ್ಲುಪ್ಪು ಗೊತ್ತಲ್ಲ, ಪಟಾಕಿಗೆ ಹಾಕೋದು. ಅದನ್ನ ಸುಮಾರು 400 ಡಿಗ್ರಿಗೆ ಕಾಯಿಸಿ ನೀರಾಗಿ ಕರಗಿಸ್ತಾರೆ. ಅದರಲ್ಲಿ ಗಾಜಿನ ಹಾಳೆ ಅದ್ದಿ ಗಂಟೆಗಟ್ಟಲೆ ಬಿಡ್ತಾರೆ. ಗಾಜಿನ ಮೇಲ್ಮೈಯಲ್ಲಿರೋ ಸೋಡಿಯಂ ಹೊರಗೆ ಬರುತ್ತೆ, ಆ ಜಾಗಕ್ಕೆ ಪೆಟ್ಲುಪ್ಪಿನ ಪೊಟ್ಯಾಸಿಯಂ ಹೋಗಿ ಕೂರುತ್ತೆ. ಪೊಟ್ಯಾಸಿಯಂ ಗಾತ್ರದಲ್ಲಿ ದೊಡ್ಡದು. ಬಸ್ಸಲ್ಲಿ ಮೂವರ ಸೀಟಿಂದ ಸಣಕಲು ಮೂರು ಜನ ಎದ್ದು, ದಪ್ಪನೆಯ ಮೂರು ಜನ ಕೂತ್ರೆ ಹೇಗಿರುತ್ತೆ?

ಕಲ್ಲಿನವರು: ಒಬ್ಬರಿಗೊಬ್ಬರು ಅಂಟ್ಕೊಂಡು ಅಲುಗಾಡೋಕ್ಕಾಗಲ್ಲ.

ಅಂಗಡಿಯಾಕೆ: ಗಾಜಿನ ಮೇಲ್ಮೈ ಹಾಗೇ ಒತ್ತಿಕೊಂಡಿರುತ್ತೆ. ಗಾಜು ಒಡೆಯೋದು ಅಂದ್ರೆ ಒಂದು ಬಿರುಕು ಬಾಯಿ ಬಿಡೋದು. ಸುತ್ತಲೂ ಒತ್ತಡ ಇದ್ರೆ ಬಾಯಿ ಬಿಡೋಕೆ ಬಿಡಲ್ಲ. ಬಿದ್ರೂ ಬಾಳಿಕೆ ಬರೋದು ಅದಕ್ಕೇ. ಆದ್ರೆ ಆ ಒತ್ತಡದಿಂದ ಗಾಜು ಬೆಣಚಿಗಿಂತ ಗಡಸಾಗಲ್ಲ. ಏಳು ಏಳೇ, ಆರು ಆರೇ.

ಕಲ್ಲಿನವರು: ಹಾಗಾದ್ರೆ ಒಂಬತ್ತರ ನೀಲ ಹಾಕ್ಬಿಡೋದು. ದುಬಾರಿ ಫೋನಿಗಾದ್ರೂ.

ಅಂಗಡಿಯಾಕೆ: ಕಾರ್ಖಾನೆಯಲ್ಲೇ ಬೆಳೆಸೋ ನೀಲದ ಹರಳು ಇದೆ. ದುಬಾರಿ ಗಡಿಯಾರದ ಗಾಜು ಅದೇ. ಕೆಲವು ಫೋನುಗಳ ಕ್ಯಾಮೆರಾ ಮುಚ್ಚಳವೂ ಅದೇ. ಆಪಲ್ ಕಂಪನಿಗೆ ಅದನ್ನ ದೊಡ್ಡ ಪ್ರಮಾಣದಲ್ಲಿ ಮಾಡಿಕೊಡೋಕೆ ಅರಿಜೋನಾದ ಮೆಸಾದಲ್ಲಿ ಒಂದು ಕಾರ್ಖಾನೆ ಶುರುವಾಗಿತ್ತು. ನಡೆಸ್ತಿದ್ದ ಜಿಟಿ ಅಡ್ವಾನ್ಸ್‌ಡ್ ಟೆಕ್ನಾಲಜೀಸ್ 2014ರ ಅಕ್ಟೋಬರಿನಲ್ಲಿ ದಿವಾಳಿ ಅರ್ಜಿ ಹಾಕ್ತು. ಖರ್ಚು ಒಂದು ಕಡೆ. ಕೆಳಗೆ ಬಿದ್ರೆ ಏನಾಗುತ್ತೆ ಅನ್ನೋದು ಇನ್ನೊಂದು ಕಡೆ.

ಕಲ್ಲಿನವರು: ಅದು ನನಗೆ ಗೊತ್ತು. ಗಡಸು ಕಲ್ಲು ಬಾಗಲ್ಲ, ಸಿಡಿಯುತ್ತೆ. ಲಾರಿಯಿಂದ ಇಳಿಸುವಾಗ ಮೂಲೆ ಮುರ್ಕೊಳ್ಳೋದು ಅಂಥದ್ದೇ.

ಅಂಗಡಿಯಾಕೆ: ಗೀರನ್ನ ಜನ ಅಂದದ ವಿಷಯ ಅಂದ್ಕೊಳ್ತಾರೆ. ನನಗೆ ಬೇಜಾರು ಅಲ್ಲಿ. ಪೆಟ್ಲುಪ್ಪಿಂದ ಆಗೋ ಆ ಒತ್ತಡದ ಪದರ ಹೆಚ್ಚುಕಡಿಮೆ ಒಂದು ಕೂದಲೆಳೆಯಷ್ಟು ದಪ್ಪ, ಅಷ್ಟೇ. ಸಣ್ಣ ಗೀರು ಅದರೊಳಗೇ ಮುಗಿದ್ರೆ ಪರವಾಗಿಲ್ಲ. ಮೂಲೆ ಚೂಪಾದ ಒಂದೇ ಒಂದು ಬೆಣಚಿನ ಕಾಳು ಅದನ್ನ ದಾಟಿ ಇಳೀತು ಅಂದ್ರೆ ಮುಂದೆ ಫೋನ್ ಬಿದ್ದಾಗ ಬಿರುಕು ಹೊರಡೋದು ಅಲ್ಲಿಂದಲೇ. ಮಂಚದಿಂದ ಬಿದ್ದಿದ್ದಷ್ಟೇ, ಪೂರ್ತಿ ಒಡೆದುಹೋಯ್ತು ಅಂತ ಜನ ಬರ್ತಾರೆ. ಮಂಚದಿಂದ ಬಿದ್ದಿದ್ದಕ್ಕೆ ಒಡೀಲಿಲ್ಲ, ಅದಕ್ಕೂ ಮೊದಲು ಯಾವಾಗಲೋ ಬಿದ್ದ ಗೀರಿಗೆ ಒಡೀತು ಅಂತ ಎಷ್ಟೋ ಸಲ ನನಗೆ ಅನ್ಸಿದೆ.

ಕಲ್ಲಿನವರು: ಕಲ್ಲು ಸೀಳೋದೂ ಹಾಗೇ. ಮೊದಲು ಸಾಲಾಗಿ ಸಣ್ಣ ಗೂಡು ತೋಡಿ, ಬೆಣೆ ಇಟ್ಟು ಹೊಡೀತಾರೆ. ಇಡೀ ಬಂಡೆ ಆ ಗೆರೆ ಮೇಲೇ ಬಿರಿಯುತ್ತೆ. ಸರಿ, ಈಗ ನನ್ನ ಕೆಲಸದ ಮಾತು. ಈ ಗೀರನ್ನ ಪಾಲಿಶ್ ಮಾಡಿ ತೆಗೀಬಹುದಾ? ನಾನು ಮಾಡೋದೇ ಅದು ಇಪ್ಪತ್ತೈದು ವರ್ಷದಿಂದ.

ಅಂಗಡಿಯಾಕೆ: ನೀವು ಹೇಗೆ ತೆಗೀತೀರಿ? ಮೊದಲು ಅದನ್ನ ಹೇಳಿ.

ಕಲ್ಲಿನವರು: ಗೀರು ತೆಗೆಯೋದು ಅಂತ ಇಲ್ಲವೇ ಇಲ್ಲ ಕಣಮ್ಮ. ಗಿರಾಕಿಗೆ ಹಾಗೆ ಕಾಣುತ್ತೆ ಅಷ್ಟೇ. ಗರಗಸದಿಂದ ಬಂದ ಚಪ್ಪಡಿ ಮೇಲೆ ದೊಡ್ಡ ದೊಡ್ಡ ಗೆರೆ ಇರುತ್ತೆ. ದಪ್ಪ ನಂಬರಿನ ಕಲ್ಲು ಹಾಕಿ ಇಡೀ ಮೈಯನ್ನ ಆ ಗೆರೆಯ ತಳದವರೆಗೆ ಇಳಿಸ್ತೀವಿ. ಆಗ ಆ ಗೆರೆ ಹೋಗುತ್ತೆ, ಈ ಕಲ್ಲಿನ ಸಣ್ಣ ಗೆರೆ ಬರುತ್ತೆ. ಆಮೇಲೆ ನೂರಿಪ್ಪತ್ತು, ಇನ್ನೂರಿಪ್ಪತ್ತು, ನಾನೂರು. ಒಂದೊಂದು ನಂಬರಿಗೂ ಹಿಂದಿನ ಗೆರೆ ಅಳಿದು ಅದಕ್ಕಿಂತ ಸಣ್ಣ ಗೆರೆ. ಸಾವಿರದ ಮೇಲೆ ಹೋದಾಗ ಗೆರೆ ಇರುತ್ತೆ, ಕಣ್ಣಿಗೆ ಕಾಣಲ್ಲ. ಅದಕ್ಕೇ ಹೊಳಪು ಅನ್ನೋದು. ಒಂದು ನಂಬರ್ ಬಿಟ್ಟು ಮುಂದಕ್ಕೆ ಹಾರಿದ್ರೆ ಕೆಟ್ಟಿತು. ಹಳೇ ಗೆರೆ ಕೆಳಗೇ ಉಳಿದು, ಬಿಸಿಲು ಬಿದ್ದಾಗ ಎದ್ದು ಕಾಣುತ್ತೆ. ಇಷ್ಟೂ ಹೊತ್ತು ನೀರು ಹರೀತಾನೇ ಇರ್ಬೇಕು.

ಅಂಗಡಿಯಾಕೆ: ನನ್ನ ಉತ್ತರ ನೀವೇ ಹೇಳಿಬಿಟ್ರಿ. ಗಾಜಿಗೂ ಪಾಲಿಶ್ ಇದೆ, ಸೀರಿಯಂ ಆಕ್ಸೈಡ್ ಪುಡಿ. ಕನ್ನಡಕದ ಗಾಜಿಗೆ, ಕಾರಿನ ಗಾಜಿಗೆ ಉಪಯೋಗಿಸ್ತಾರೆ. ಫೋನಿಗೆ ಹಾಕಿದ್ರೆ ಏನಾಗುತ್ತೆ? ಗೀರಿನ ತಳದವರೆಗೆ ಇಡೀ ಗಾಜನ್ನ ಇಳಿಸ್ಬೇಕು. ಕೂದಲೆಳೆ ದಪ್ಪದ ಬಲದ ಪದರ ಇದೆ ಅಂದೆನಲ್ಲ, ಅದನ್ನೇ ತಿಕ್ಕಿ ತೆಗೆದ ಹಾಗಾಯ್ತು. ಗೀರು ಇದ್ದಲ್ಲಿ ಮಾತ್ರ ತಿಕ್ಕಿದ್ರೆ ಅಲ್ಲಿ ಹಳ್ಳ ಬಿದ್ದು ಅಕ್ಷರ ಅಲೆ ಅಲೆಯಾಗಿ ಕಾಣುತ್ತೆ. ಜೊತೆಗೆ ನೀರು, ಬಿಸಿ. ಕೆಳಗಿರೋ ಡಿಸ್‌ಪ್ಲೇ ಉಳಿಯಲ್ಲ.

ಕಲ್ಲಿನವರು: ನಮ್ಮ ಪಕ್ಕದ ಮನೆ ಹುಡುಗ ಟೂತ್‌ಪೇಸ್ಟ್ ಹಚ್ಚಿದ್ರೆ ಹೋಗುತ್ತೆ ಅಂದ. ವಿಡಿಯೋದಲ್ಲಿ ನೋಡಿದ್ನಂತೆ.

ಅಂಗಡಿಯಾಕೆ: ಹಚ್ಚಿದ್ರಾ?

ಕಲ್ಲಿನವರು: ಒಂದು ಸಲ. ಆಮೇಲೆ ಬೆರಳು ಜಾರ್ತಾ ಇಲ್ಲ, ಎಣ್ಣೆ ಕಲೆ ಬೇರೆ ಬೇಗ ಹತ್ಕೊಳ್ಳುತ್ತೆ.

ಅಂಗಡಿಯಾಕೆ: ಟೂತ್‌ಪೇಸ್ಟಲ್ಲಿ ಹಲ್ಲು ತಿಕ್ಕೋಕೆ ಅಂತಲೇ ಸಣ್ಣ ಪುಡಿ ಇರುತ್ತೆ. ಪ್ಲಾಸ್ಟಿಕ್ ಪರದೆ ಆಗಿದ್ರೆ ಅದು ಸ್ವಲ್ಪ ಮಟ್ಟಿಗೆ ಹೊಳಪು ಕೊಡ್ತಿತ್ತು. ಇದೂ ಆ ಪ್ಲಾಸ್ಟಿಕ್ ಕಾಲದ ಬುದ್ಧಿಯೇ. ಗಾಜಿನ ಆಳದ ಗೀರಿಗೆ ಅದರಿಂದ ಏನೂ ಆಗಲ್ಲ. ಗಾಜಿನ ಮೇಲೆ ಬೆರಳಿನ ಜಿಡ್ಡು ಹಿಡಿಯದ ಹಾಗೆ ಒಂದು ತೀರಾ ತೆಳ್ಳನೆಯ ಲೇಪ ಇರುತ್ತೆ, ಅದು ಎದ್ದುಹೋಗುತ್ತೆ. ನಿಮಗೆ ಆಗಿರೋದು ಅದೇ. ಕೊಬ್ಬರಿ ಎಣ್ಣೆ ಹಚ್ಚೋರೂ ಇದಾರೆ. ಗೀರಿನೊಳಗೆ ಎಣ್ಣೆ ತುಂಬಿಕೊಂಡು ಒಂದು ಗಳಿಗೆ ಕಾಣದ ಹಾಗೆ ಆಗುತ್ತೆ, ಒರೆಸಿದ್ರೆ ಮತ್ತೆ ಕಾಣುತ್ತೆ. ಫೋನಿನ ಗಾಜಿನ ಗೀರಿಗೆ ಮನೆಮದ್ದು ಇಲ್ಲ ಅಣ್ಣ. ಬೀಳದ ಹಾಗೆ ನೋಡ್ಕೊಳ್ಳೋದು, ಇಲ್ಲ ಗಾಜು ಬದಲಾಯಿಸೋದು. ಗೀರಿಗೆ ಕಂಪನಿಯವರ ವಾರಂಟಿ ಸಾಮಾನ್ಯವಾಗಿ ಬರಲ್ಲ.

ಕಲ್ಲಿನವರು: ಹಾಗಾದ್ರೆ ಮೇಲೆ ಟೆಂಪರ್ ಗ್ಲಾಸ್ ಹಾಕ್ಬಿಡು. ನೈನ್ ಎಚ್ ಅಂತ ಬರೆದಿರುತ್ತಲ್ಲ, ಅದು. ಒಂಬತ್ತು ಅಂದ್ರೆ ನೀಲದಷ್ಟು ಗಡಸು ಅಂತ ಈಗ ಅರ್ಥ ಆಯ್ತು.

ಅಂಗಡಿಯಾಕೆ: ಅಲ್ಲಿ ಎಲ್ಲರೂ ಮೋಸ ಹೋಗೋದು. ಆ ಒಂಬತ್ತು ಕಲ್ಲಿನ ಪಟ್ಟಿಯ ಒಂಬತ್ತಲ್ಲ. ಪೆನ್ಸಿಲ್ಲಿನ ಒಂಬತ್ತು. ಡ್ರಾಯಿಂಗ್ ಪೆನ್ಸಿಲ್ಲಲ್ಲಿ ಟೂ ಬಿ, ಎಚ್‌ಬಿ, ಟೂ ಎಚ್ ಅಂತ ಇರುತ್ತಲ್ಲ? ಬಣ್ಣದ ಲೇಪ, ವಾರ್ನಿಶ್ ಎಷ್ಟು ಗಟ್ಟಿ ಅಂತ ನೋಡೋಕೆ ಪೆನ್ಸಿಲನ್ನ 45 ಡಿಗ್ರಿ ಓರೆಯಾಗಿ ಇಟ್ಟು, 750 ಗ್ರಾಂ ಭಾರದಲ್ಲಿ ತಳ್ಳಿ ನೋಡೋ ಪರೀಕ್ಷೆ ಅದು. ತೀರಾ ಗಟ್ಟಿ ಪೆನ್ಸಿಲ್ ನೈನ್ ಎಚ್. ಅದಕ್ಕೂ ಗೀರು ಬೀಳಲಿಲ್ಲ ಅನ್ನೋದಷ್ಟೇ ಅದರ ಅರ್ಥ. ಪೆನ್ಸಿಲ್ಲಿಗೆ ಯಾವ ಗಾಜು ಗೀರು ಬಿಟ್ಕೊಳ್ಳುತ್ತೆ ಹೇಳಿ? ಕಿಟಕಿ ಗಾಜೂ ಪಾಸಾಗುತ್ತೆ.

ಕಲ್ಲಿನವರು: ಹಾಗಾದ್ರೆ ಟೆಂಪರ್ರಿಗೂ ಗೀರು ಬೀಳುತ್ತೆ.

ಅಂಗಡಿಯಾಕೆ: ಬೀಳ್ಬೇಕು. ಅದಕ್ಕೇ ಅದು ಇರೋದು. ಹೊಸ ಮನೆ ಕಟ್ಟುವಾಗ ದೃಷ್ಟಿಬೊಂಬೆ ಕಟ್ಟಲ್ವಾ? ಮನೆಗೆ ತಾಗೋದು ಬೊಂಬೆಗೆ ತಾಗಲಿ ಅಂತ. ಬೆಣಚು ಗೀಚೋದಾದ್ರೆ ಟೆಂಪರನ್ನೇ ಗೀಚಲಿ. ಅದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ದಪ್ಪ. ಗೀರು ಅದರಲ್ಲೇ ಮುಗಿಯುತ್ತೆ. ಕಿತ್ತು ಬಿಸಾಕಿದ್ರೆ ಕೆಳಗಿನ ಗಾಜು ಅಂಗಡಿಯಿಂದ ತಂದ ದಿನದ ಹಾಗೇ ಇರುತ್ತೆ. ಆದ್ರೆ ಜನ ಏನ್ಮಾಡ್ತಾರೆ? ಟೆಂಪರ್ ಮೂಲೆ ಒಡೆದು, ಚಕ್ಕೆ ಎದ್ದು, ಎರಡು ವರ್ಷ ಆದ್ರೂ ಅದನ್ನೇ ಇಟ್ಕೊಂಡಿರ್ತಾರೆ. ಚಕ್ಕೆ ಎದ್ದ ಮೂಲೆಯಿಂದ ಧೂಳು ಒಳಗೆ ಹೋಗುತ್ತೆ. ಹೋದ ಧೂಳು ಎರಡು ಗಾಜಿನ ನಡುವೆ.

ಕಲ್ಲಿನವರು: ಬೀಸೋಕಲ್ಲಿನ ಮಧ್ಯೆ ರಾಗಿ ಹಾಕಿದ ಹಾಗೆ.

ಅಂಗಡಿಯಾಕೆ: ಅದಕ್ಕೇ ಅಂಚಿಗೆ ಮಾತ್ರ ಅಂಟಿರೋ ಗ್ಲಾಸ್ ನಾನು ಮಾರಲ್ಲ. ಪೂರ್ತಿ ಮೈಗೆ ಅಂಟಿರ್ಬೇಕು, ಫುಲ್ ಗ್ಲೂ ಅಂತಾರಲ್ಲ, ಅದು. ಇನ್ನು ಯುವಿ ಗ್ಲಾಸ್ ಅಂತ ಇದೆ, ಅಂಚು ಬಾಗಿರೋ ಪರದೆಗೆ ಹಾಕ್ತಾರೆ. ನೀರಿನಂಥ ಗೋಂದು ಸುರಿದು, ಮೇಲೆ ಗಾಜಿಟ್ಟು, ನೀಲಿ ದೀಪದ ಕೆಳಗೆ ಗಟ್ಟಿ ಮಾಡ್ತಾರೆ. ಗಟ್ಟಿಯಾಗೋದರೊಳಗೆ ಆ ಗೋಂದು ಸ್ಪೀಕರ್ ತೂತಿಗೆ, ಬಟನ್ ಸಂದಿಗೆ ಇಳಿದ್ರೆ ಆಯ್ತು ಕಥೆ. ಹೋದ ತಿಂಗಳು ಒಬ್ಬ ಹುಡುಗಿ ಬಂದಿದ್ಲು, ಬೇರೆ ಎಲ್ಲೋ ಹಾಕಿಸ್ಕೊಂಡಿದ್ದು. ಕಾಲ್ ಬಂದ್ರೆ ಆ ಕಡೆಯ ಮಾತು ಬಾವಿಯೊಳಗಿಂದ ಬಂದ ಹಾಗೆ. ಜಾಲರಿ ತುಂಬ ಗೋಂದು ಗಟ್ಟಿಯಾಗಿ ಕೂತಿತ್ತು. ಸೂಜಿಯಲ್ಲಿ ಒಂದೊಂದೇ ತೂತು ಬಿಡಿಸೋಕೆ ನನಗೆ ಅರ್ಧ ದಿನ ಹಿಡೀತು. ನಿಮ್ಮದು ಚಪ್ಪಟೆ ಪರದೆ. ಮಾಮೂಲಿ ಟೆಂಪರ್ ಸಾಕು.

ಕಲ್ಲಿನವರು: ಪ್ಲಾಸ್ಟಿಕ್ ಹಾಳೆ ಥರ ಇರುತ್ತಲ್ಲ, ಮೆತ್ತಗೆ, ಅದು?

ಅಂಗಡಿಯಾಕೆ: ಅದಕ್ಕೂ ಜಾಗ ಇದೆ. ಸಣ್ಣ ಗೆರೆ ಬಿದ್ರೆ ತಾನೇ ಕೂಡ್ಕೊಳ್ಳುತ್ತೆ, ಬಾಗಿದ ಅಂಚಿಗೂ ಕೂರುತ್ತೆ. ಪೆಟ್ಟು ಬಿದ್ರೆ ಮಾತ್ರ ಗಾಜಿನಷ್ಟು ತಡೆಯಲ್ಲ. ಮಡಿಸೋ ಫೋನ್ ಇರೋರು ಒಂದು ನೆನಪಿಟ್ಕೋಬೇಕು. ಅದರ ಒಳಗಿನ ಪರದೆಯ ಮೇಲಿನ ಪದರ ಪ್ಲಾಸ್ಟಿಕ್ಕೇ. ಉಗುರು ಒತ್ತಿದ್ರೂ ಗುರುತು ಬೀಳಬಹುದು. 2019ರಲ್ಲಿ ಸ್ಯಾಮ್‌ಸಂಗಿನ ಮೊದಲನೇ ಮಡಿಸೋ ಫೋನ್ ಬಂದಾಗ, ಪರೀಕ್ಷೆಗೆ ತಗೊಂಡ ಕೆಲವು ಪತ್ರಕರ್ತರು ಆ ಪದರವನ್ನ ಸ್ಕ್ರೀನ್ ಗಾರ್ಡ್ ಅಂದ್ಕೊಂಡು ಕಿತ್ರು, ಡಿಸ್‌ಪ್ಲೇನೇ ಹೋಯ್ತು. ಮಾರಾಟ ಏಪ್ರಿಲಿಂದ ಸೆಪ್ಟೆಂಬರಿಗೆ ಮುಂದಕ್ಕೆ ಹೋಯ್ತು.

(ಮಾತಾಡುತ್ತಲೇ ಆಕೆ ಫೋನನ್ನು ಒದ್ದೆ ಬಟ್ಟೆಯಿಂದ ಒರೆಸಿದರು, ಒಣ ಬಟ್ಟೆಯಿಂದ ಒರೆಸಿದರು. ಆಮೇಲೆ ದೀಪದ ಬೆಳಕಿಗೆ ಓರೆಯಾಗಿ ಹಿಡಿದು, ಉಳಿದ ಒಂದೊಂದೇ ಕಣವನ್ನು ಅಂಟುಚೀಟಿಯಲ್ಲಿ ಒತ್ತಿ ಎತ್ತಿದರು. ಅಷ್ಟಕ್ಕೇ ಐದು ನಿಮಿಷ. ಗಾಜು ಕೂರಿಸಿದ್ದು ಹತ್ತು ಸೆಕೆಂಡು.)

ಕಲ್ಲಿನವರು: ಹಳೇ ಗೀರು ಕಾಣ್ತಾನೇ ಇಲ್ಲವಲ್ಲ!

ಅಂಗಡಿಯಾಕೆ: ಇದೆ. ಅಂಟು ಗೀರಿನೊಳಗೆ ತುಂಬಿಕೊಂಡಿದೆ ಅಷ್ಟೇ. ಕೊಬ್ಬರಿ ಎಣ್ಣೆ ಕಥೆಯೇ. ಈಗ ಕೇಳಿ, ಕವರ್ ತಗೊಳ್ಳುವಾಗ ಅದರ ಅಂಚು ಪರದೆಗಿಂತ ಸ್ವಲ್ಪ ಎತ್ತರ ಇರ್ಬೇಕು. ಫೋನ್ ಮಗುಚಿ ಇಟ್ರೂ ಗಾಜು ನೆಲಕ್ಕೆ ತಾಗಬಾರ್ದು. ನಿಮ್ಮ ಕಾರ್ಖಾನೆಯಲ್ಲಂತೂ ಮಗುಚಿ ಇಡಲೇಬೇಡಿ. ಕೆಲಸದ ಹೊತ್ತಲ್ಲಿ ಜಿಪ್ ಇರೋ ಸಣ್ಣ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಆ ಚೀಲವನ್ನ ಜೇಬಲ್ಲಿ ಇಟ್ಕೊಳ್ಳಿ. ಚೀಲದ ಮೇಲೇ ಬೆರಳಾಡಿಸಿದ್ರೂ ಫೋನ್ ಕೆಲಸ ಮಾಡುತ್ತೆ. ವಾರಕ್ಕೊಂದು ಸಲ ಜೇಬು ತಿರುವಿ ಕೊಡವಿ. ಪರದೆ ಮೇಲೆ ಧೂಳು ಕಂಡ್ರೆ ಮೊದಲು ಊದಿ ಅಥವಾ ಕೊಡವಿ, ಆಮೇಲೆ ಒದ್ದೆ ಮಾಡಿ ಹಿಂಡಿದ ಬಟ್ಟೆ. ಒಣ ಅಂಗಿ ಚುಂಗು ಬೇಡವೇ ಬೇಡ.

ಕಲ್ಲಿನವರು: ನೀರು ಹರೀತಾನೇ ಇರ್ಬೇಕು ಅಂತ ಹೊಸ ಹುಡುಗರಿಗೆ ದಿನಾ ಕೂಗ್ತೀನಿ ನಾನು. ನನ್ನ ಫೋನನ್ನ ಮಾತ್ರ ಒಣಗಿದ್ದಾಗ ತಿಕ್ಕಿದ್ದೀನಿ ನೋಡು.

ಅಂಗಡಿಯಾಕೆ: ಅಣ್ಣ, ಇನ್ನೊಂದು ಮಾತು, ತಪ್ಪು ತಿಳ್ಕೋಬೇಡಿ. ಈ ಪುಡಿ ಗಾಜಿಗೆ ಏನು ಮಾಡುತ್ತೆ ಅಂತ ಮೈಕ್ರೋಸ್ಕೋಪಲ್ಲಿ ನೋಡಿದ್ರಿ. ಕಣ್ಣಿಗೆ ಕಾಣದಷ್ಟು ಸಣ್ಣ ಬೆಣಚಿನ ಧೂಳು ಇಪ್ಪತ್ತೈದು ವರ್ಷ ಎದೆಗೆ ಹೋದ್ರೆ? ಸಿಲಿಕೋಸಿಸ್ ಅನ್ನೋ ಕಾಯಿಲೆ ಬರೋದು ಅದರಿಂದಲೇ. ಒಂದು ಸಲ ಶ್ವಾಸಕೋಶಕ್ಕೆ ಹತ್ತಿದ್ರೆ ವಾಪಸ್ ಸರಿಹೋಗಲ್ಲ. ಗಾಜಾದ್ರೆ ನಾನು ಬದಲಾಯಿಸಿಕೊಡ್ತೀನಿ.

ಕಲ್ಲಿನವರು: ಕಾರ್ಖಾನೆಯಲ್ಲಿ ಮಾಸ್ಕ್ ಕೊಡ್ತಾರಮ್ಮ. ಸೆಖೆ ಅಂತ ನಾವೇ ಕತ್ತಿಗೆ ಇಳಿಸ್ಕೊಂಡಿರ್ತೀವಿ.

ಅಂಗಡಿಯಾಕೆ: ಇಳಿಸ್ಬೇಡಿ. ಮಗಳು ಕೊಡಿಸಿದ ಫೋನಿಗೆ ಇಷ್ಟು ಯೋಚನೆ ಮಾಡ್ತೀರಿ. ಆ ಮಗಳು ನಿಮ್ಮ ಎದೆಗೂಡಿನ ಬಗ್ಗೆ ಅದಕ್ಕಿಂತ ಯೋಚನೆ ಮಾಡ್ತಾಳೆ. ಕುಯ್ಯುವಾಗ ನೀರು ನಿಂತ್ರೆ ಮಿಷನ್ ನಿಲ್ಸಿ.

(ಅವರು ಮಾತಾಡಲಿಲ್ಲ. ಟೆಂಪರ್ ಕೂರಿಸಿದ ಫೋನನ್ನು ಜೇಬಿಗೆ ಹಾಕಲು ಹೋದ ಕೈ ಅರ್ಧಕ್ಕೇ ನಿಂತಿತು. ಆಕೆ ಮೇಜಿನ ಕೆಳಗಿಂದ ಒಂದು ಜಿಪ್ ಚೀಲ ತೆಗೆದು ಕೊಟ್ಟರು.)

ಬ್ಯಾಟರಿ ಹಾಕಿಸಿಕೊಂಡು ಮನೆಗೆ ಬಂದವನು ನನ್ನ ಅಂಗಿಯ ಜೇಬನ್ನೂ ಒಂದು ಬಿಳಿ ಹಾಳೆಯ ಮೇಲೆ ಕೊಡವಿದೆ. ಕಲ್ಲಿನ ಕಾರ್ಖಾನೆಯ ಬಾಗಿಲನ್ನೂ ಕಾಣದ, ದಿನವಿಡೀ ಕುರ್ಚಿಯಲ್ಲಿ ಕೂತು ಬರೆಯುವವನ ಜೇಬು. ನೂಲಿನ ಎಳೆಗಳ ನಡುವೆ ಹತ್ತಿಪ್ಪತ್ತು ಹೊಳೆಯುವ ಕಾಳು ಸಿಕ್ಕವು. ಹಳೆಯ ಗಾಜಿನ ಲೋಟವೊಂದರ ತಳಕ್ಕೆ ಅವನ್ನು ಬೆರಳಿನಿಂದ ಒತ್ತಿ ಉಜ್ಜಿದೆ. ಗೀರು ಬಿತ್ತು, ಒರೆಸಿದರೂ ಹೋಗಲಿಲ್ಲ. ಓದುವ ನೀವು ಈ ಸಂಜೆ ಫೋನ್ ಇಡುವ ಜೇಬನ್ನು ಒಮ್ಮೆ ಒಳಗಿಂದ ಹೊರಗೆ ತಿರುವಿ ನೋಡಿ.